ಕ್ರಿಯೇಟಿನಿನ್ 1.2 ಎಂದರೆ ಕಿಡ್ನಿ ಸರಿಯಿದೆಯೇ?

ಎರಡು ರಕ್ತಪರೀಕ್ಷೆಯ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳೋಣ. ಒಂದು ಗಟ್ಟಿಮುಟ್ಟಾದ 25 ವರ್ಷದ ಯುವಕನದು, ಇನ್ನೊಂದು ಸಣಕಲು ಮೈಯ 70 ವರ್ಷದ ಹೆಂಗಸಿನದು. ಎರಡರಲ್ಲೂ ‘ಸೀರಮ್ ಕ್ರಿಯೇಟಿನಿನ್’ ಎಂಬ ಸಾಲಿನ ಎದುರು ಡೆಸಿಲೀಟರ್‌ಗೆ 1.2 ಮಿಲಿಗ್ರಾಂ ಎಂದಿದೆ. ಪಕ್ಕದಲ್ಲಿ ‘0.6ರಿಂದ 1.2’ ಎಂಬ ಸಾಮಾನ್ಯ ಮಿತಿ ಅಚ್ಚಾಗಿದೆ. ಹಾಗಾಗಿ ಎರಡೂ ಕಡೆ ಅಂಕಿ ದಪ್ಪಕ್ಷರದಲ್ಲಿಲ್ಲ, ಪಕ್ಕದಲ್ಲಿ ನಕ್ಷತ್ರವಿಲ್ಲ. ಇಬ್ಬರೂ ನೆಮ್ಮದಿಯಿಂದ ಕಾಗದ ಮಡಚಿ ಕವರಿಗೆ ಹಾಕುತ್ತಾರೆ. ಯುವಕನ ನೆಮ್ಮದಿಗೆ ಆಧಾರವಿದೆ. ಆ ಹೆಂಗಸಿನ ಮೂತ್ರಪಿಂಡಗಳು ಮಾತ್ರ ಯುವಕನದಕ್ಕಿಂತ ಸುಮಾರು ಅರ್ಧದಷ್ಟೇ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು.

ಒಂದೇ ಅಂಕಿ ಇಬ್ಬರ ಬಗ್ಗೆ ಎರಡು ಬೇರೆ ಕಥೆ ಹೇಳುವುದು ಹೇಗೆ? ಇದು ಅರ್ಥವಾಗಬೇಕಾದರೆ ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಕ್ರಿಯೇಟಿನಿನ್ ಪರೀಕ್ಷೆ ಕಿಡ್ನಿಯನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ರಕ್ತದಲ್ಲಿ ಉಳಿದುಕೊಂಡಿರುವ ಕಸವನ್ನು.

ಒಂದೊಂದು ಮೂತ್ರಪಿಂಡದಲ್ಲೂ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಗ್ಲೊಮೆರುಲಸ್ ಎಂಬ ಸಣ್ಣ ರಕ್ತನಾಳಗಳ ಉಂಡೆಯಿದೆ. ಜರಡಿಯ ಕೆಲಸ ಅದರದು. ಆರೋಗ್ಯವಂತ ಯುವ ದೇಹದಲ್ಲಿ ಈ ಜರಡಿಗಳೆಲ್ಲ ಸೇರಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್, ದಿನಕ್ಕೆ ಸುಮಾರು 170–180 ಲೀಟರ್ ದ್ರವವನ್ನು ಸೋಸುತ್ತವೆ. ದೇಹದಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮೂರು ಲೀಟರಿನ ಆಸುಪಾಸು ಮಾತ್ರ. ಅಂದರೆ ಅದೇ ಪ್ಲಾಸ್ಮಾ ದಿನಕ್ಕೆ ಐವತ್ತು ಅರವತ್ತು ಸಲ ಜರಡಿ ಹಿಡಿಸಿಕೊಳ್ಳುತ್ತದೆ. ಸೋಸಿದ್ದರಲ್ಲಿ ಶೇ. 99ರಷ್ಟು ಮತ್ತೆ ರಕ್ತಕ್ಕೇ ಮರಳಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಆ ವೇಗವೇ ಜಿಎಫ್‌ಆರ್. ‘ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ’ ಎಂದು ವೈದ್ಯರು ಕೇಳಿದಾಗ ಅವರ ಮನಸ್ಸಿನಲ್ಲಿರುವುದು ಈ ಸಂಖ್ಯೆ. ಕ್ರಿಯೇಟಿನಿನ್ ಅಲ್ಲ, ಮೂತ್ರದ ಪ್ರಮಾಣವಂತೂ ಅಲ್ಲವೇ ಅಲ್ಲ. ಸೋಸುವ ಶಕ್ತಿ ಬಹುಪಾಲು ಹೋದ ಮೇಲೂ ಮೂತ್ರ ಧಾರಾಳವಾಗಿ ಹೋಗುತ್ತಿರಬಹುದು.

ಈಗ ಕಸದ ವಿಷಯ. ನಮ್ಮ ಸ್ನಾಯುಗಳಲ್ಲಿ ಕ್ರಿಯೇಟಿನ್ ಎಂಬ ವಸ್ತುವಿದೆ, ಶಕ್ತಿಯನ್ನು ತಕ್ಷಣಕ್ಕೆ ಒದಗಿಸಲು. ಅದರಲ್ಲಿ ದಿನಕ್ಕೆ ಶೇ. 1ರಿಂದ 2ರಷ್ಟು ಯಾವ ಕಿಣ್ವದ ಹಂಗೂ ಇಲ್ಲದೆ ತನ್ನಷ್ಟಕ್ಕೆ ಕ್ರಿಯೇಟಿನಿನ್ ಆಗಿ ಬದಲಾಗುತ್ತದೆ. ಇದರಿಂದ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ. ರಕ್ತಕ್ಕೆ ಸೇರಿ ಗ್ಲೊಮೆರುಲಸ್‌ನಲ್ಲಿ ಸಲೀಸಾಗಿ ಸೋಸಿಹೋಗುತ್ತದೆ, ಮರಳಿ ಹೀರಲ್ಪಡುವುದಿಲ್ಲ. ಒಳಹರಿವು ದಿನವೂ ಹೆಚ್ಚುಕಡಿಮೆ ಒಂದೇ, ಹೊರಹರಿವಿನ ದಾರಿ ಬಹುಮಟ್ಟಿಗೆ ಒಂದೇ. ಕಿಡ್ನಿಯ ಸುಳಿವು ಹಿಡಿಯಲು ಇದಕ್ಕಿಂತ ಅಗ್ಗದ ಗೂಢಚಾರ ಸಿಗುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಒಬ್ಬರ ಸ್ನಾಯುಗಳು ದಿನಕ್ಕೆ 1440 ಮಿಲಿಗ್ರಾಂ ಕ್ರಿಯೇಟಿನಿನ್ ತಯಾರಿಸುತ್ತವೆ ಎಂದುಕೊಳ್ಳಿ. ಅವರ ಜಿಎಫ್‌ಆರ್ ನಿಮಿಷಕ್ಕೆ 100 ಮಿಲಿಲೀಟರ್, ಅಂದರೆ ದಿನಕ್ಕೆ 144 ಲೀಟರ್. ತಯಾರಾದಷ್ಟೂ ಅಂದೇ ಹೊರಹೋಗಬೇಕಾದರೆ ಸೋಸಿದ ಪ್ರತಿ ಲೀಟರಿನಲ್ಲಿ 10 ಮಿಲಿಗ್ರಾಂ ಇರಬೇಕು. ವರದಿಯ ಭಾಷೆಯಲ್ಲಿ, ಅಂದರೆ ಲೀಟರಿನ ಹತ್ತನೇ ಒಂದು ಭಾಗವಾದ ಡೆಸಿಲೀಟರ್‌ಗೆ, ಅದು 1.0. ಈಗ ಕಿಡ್ನಿ ಅರ್ಧಕ್ಕೆ ಕುಸಿದು ದಿನಕ್ಕೆ 72 ಲೀಟರ್ ಮಾತ್ರ ಸೋಸುತ್ತಿದೆ. ಸ್ನಾಯುಗಳಿಗೆ ಅದರ ಅರಿವಿಲ್ಲ, ಅವು 1440 ಮಿಲಿಗ್ರಾಂ ಸುರಿಯುತ್ತಲೇ ಇವೆ. ಹೊರಹೋಗುವುದು ಕಡಿಮೆಯಾದದ್ದರಿಂದ ರಕ್ತದಲ್ಲಿ ಕ್ರಿಯೇಟಿನಿನ್ ಏರುತ್ತದೆ. ಎಲ್ಲಿಯವರೆಗೆ? ಲೀಟರಿಗೆ 20 ಮಿಲಿಗ್ರಾಂ ಆಗುವವರೆಗೆ. ಆಗ 72 ಲೀಟರಿನಲ್ಲೇ 1440 ಮಿಲಿಗ್ರಾಂ ಹೊರಬೀಳುತ್ತದೆ, ಏರಿಕೆ ನಿಲ್ಲುತ್ತದೆ. ವರದಿಯಲ್ಲಿ 2.0. ಕಿಡ್ನಿ ಅರ್ಧವಾದರೆ ಕ್ರಿಯೇಟಿನಿನ್ ದುಪ್ಪಟ್ಟು.

ಇದೇ ಲೆಕ್ಕವನ್ನು ಅರ್ಧದಷ್ಟೇ ಸ್ನಾಯು ಇರುವವರಿಗೆ ಹಚ್ಚಿ. ದಿನದ ಉತ್ಪಾದನೆ 720 ಮಿಲಿಗ್ರಾಂ, ಕಿಡ್ನಿ ಸೋಸುವುದು 72 ಲೀಟರ್. ಭಾಗಿಸಿದರೆ ಲೀಟರಿಗೆ 10 ಮಿಲಿಗ್ರಾಂ, ವರದಿಯಲ್ಲಿ ಮುದ್ದಾದ 1.0. ಅರ್ಧ ಕಿಡ್ನಿ ಹೋಗಿದ್ದರೂ ಅಂಕಿ ಕದಲಿಲ್ಲ! ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಬಹುಕಾಲ ಹಾಸಿಗೆ ಹಿಡಿದವರಲ್ಲಿ, ಲಿವರ್ ಕಾಯಿಲೆಯಿಂದ ಸೊರಗಿದವರಲ್ಲಿ ಕ್ರಿಯೇಟಿನಿನ್ ‘ನಾರ್ಮಲ್’ ಎಂದು ಕಂಡೂ ಮೋಸ ಮಾಡುವುದು ಹೀಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನೊಂದು ಬಲೆಯೂ ಇದೆ. ದುಪ್ಪಟ್ಟು–ಅರ್ಧ ಎಂಬ ಈ ಸಂಬಂಧವನ್ನು ನಕ್ಷೆಯಲ್ಲಿ ಎಳೆದರೆ ನೇರಗೆರೆ ಬರುವುದಿಲ್ಲ. ಮೊದಲು ಕಡಿದಾಗಿ ಇಳಿದು ಆಮೇಲೆ ಚಪ್ಪಟೆಯಾಗುವ ಬಾಗುಗೆರೆ ಬರುತ್ತದೆ. ನಮ್ಮ 70 ವರ್ಷದ ಹೆಂಗಸಿನ ಕ್ರಿಯೇಟಿನಿನ್ 0.8ರಿಂದ 1.2ಕ್ಕೆ ಏರಿದರೆ ಅಂದಾಜು ಜಿಎಫ್‌ಆರ್ 79ರಿಂದ 49ಕ್ಕೆ ಬೀಳುತ್ತದೆ. ಅದೇ 0.4ರ ಏರಿಕೆ 4.0ರಿಂದ 4.4ಕ್ಕೆ ಆದರೆ ಕಳೆದುಕೊಳ್ಳುವುದು ಸುಮಾರು ಒಂದು ಮಿಲಿಲೀಟರ್ ಮಾತ್ರ. ಎರಡನೆಯದನ್ನು ಕಂಡು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಮೊದಲನೆಯದನ್ನು ಯಾರೂ ಗಮನಿಸುವುದಿಲ್ಲ. ನಿಜವಾದ ನಷ್ಟ ಆಗುವುದು ಆ ಸದ್ದಿಲ್ಲದ ಭಾಗದಲ್ಲೇ.

ಹಾಗಾದರೆ ಜಿಎಫ್‌ಆರ್ ಅನ್ನು ನೇರವಾಗಿಯೇ ಅಳೆಯಬಾರದೇ? ಅಳೆಯಬಹುದು. ಇನುಲಿನ್ ಎಂಬ ಸಸ್ಯಜನ್ಯ ಪದಾರ್ಥವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟು, ಗಂಟೆಗಟ್ಟಲೆ ರಕ್ತ ಮತ್ತು ಮೂತ್ರದ ಮಾದರಿ ತೆಗೆಯುತ್ತ ಕೂರುವುದು ಅದರ ಶ್ರೇಷ್ಠ ವಿಧಾನ. ಐಯೊಹೆಕ್ಸಾಲ್‌ನಂಥ ವಸ್ತುಗಳಿಂದಲೂ ಆಗುತ್ತದೆ. ಆದರೆ ಬಂದವರಿಗೆಲ್ಲ ಮಾಡುವ ಕೆಲಸವಲ್ಲ. ನಡುದಾರಿಯಾಗಿ 24 ಗಂಟೆಯ ಮೂತ್ರ ಸಂಗ್ರಹವಿದೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ಗಡಿಯಾರ ನೋಡಿಕೊಳ್ಳಬೇಕು, ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ಹನಿಯನ್ನೂ ಬಿಡದೆ ಕ್ಯಾನಿನಲ್ಲಿ ತುಂಬಿಸಬೇಕು. 1440 ಮಿಲಿಲೀಟರ್ ಬಂತು, ಅಂದರೆ ನಿಮಿಷಕ್ಕೆ ಒಂದು. ಮೂತ್ರದ ಕ್ರಿಯೇಟಿನಿನ್ 100, ರಕ್ತದ್ದು 1.0, ಗುಣಿಸಿ ಭಾಗಿಸಿದರೆ ನಿಮಿಷಕ್ಕೆ 100 ಮಿಲಿಲೀಟರ್. ಕಾಗದದ ಮೇಲೆ ಬಹಳ ಸೊಗಸು. ಮಧ್ಯಾಹ್ನ ಒಂದು ಸಲ ಮರೆತು ಶೌಚಾಲಯದಲ್ಲೇ ಮುಗಿಸಿ ಬಂದರೆ ಕಿಡ್ನಿ ಕೆಟ್ಟಂತೆ, ಚೆಲ್ಲಬೇಕಾದ ಮೊದಲ ಮೂತ್ರವನ್ನೂ ಸೇರಿಸಿದರೆ ಕಿಡ್ನಿ ಸುಧಾರಿಸಿದಂತೆ! ಆ ಕ್ಯಾನನ್ನು ಸರಿಯಾಗಿ ತುಂಬಿಸಿದವರು ಅಪರೂಪ.

ಆದ್ದರಿಂದಲೇ ಸೂತ್ರಗಳು ಹುಟ್ಟಿದವು. ಕ್ರಿಯೇಟಿನಿನ್ ಎಷ್ಟಿದೆ ಎಂಬುದು ಗೊತ್ತು. ಸ್ನಾಯು ಎಷ್ಟಿದೆ ಎಂಬುದು ಗೊತ್ತಾದರೆ ಜಿಎಫ್‌ಆರ್ ತಾನಾಗಿ ಸಿಗುತ್ತದೆ. ಸ್ನಾಯುವನ್ನು ತೂಗಲಾಗದು, ಆದರೆ ವಯಸ್ಸು, ಲಿಂಗ, ತೂಕದಿಂದ ಊಹಿಸಬಹುದು. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 249 ಗಂಡಸರ ಮಾಹಿತಿಯಿಂದ ಕಟ್ಟಿದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: 140ರಿಂದ ವಯಸ್ಸನ್ನು ಕಳೆಯಿರಿ, ಕಿಲೋಗ್ರಾಂ ತೂಕದಿಂದ ಗುಣಿಸಿ, ಕ್ರಿಯೇಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸಾದರೆ ಉತ್ತರವನ್ನು 0.85ರಿಂದ ಗುಣಿಸಿ. ಗಮನಿಸಿ, 249 ಗಂಡಸರು. ಹೆಂಗಸರ ಪಾಲಿನ ಆ 0.85 ಅವರ ಮಾಹಿತಿಯಿಂದ ಬಂದದ್ದಲ್ಲ, ಸ್ನಾಯು ಕಡಿಮೆ ಎಂಬ ಅಂದಾಜಿನಿಂದ ಕೂಡಿಸಿದ್ದು.

1999ರಲ್ಲಿ 1628 ಕಿಡ್ನಿ ರೋಗಿಗಳ ಮಾಹಿತಿಯಿಂದ ಎಂಡಿಆರ್‌ಡಿ ಸೂತ್ರ ಬಂತು. ರೋಗಿಗಳ ಮೇಲೆ ಕಟ್ಟಿದ್ದರಿಂದ ಅದು ಆರೋಗ್ಯವಂತರ ಕಿಡ್ನಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತಿತ್ತು. 2009ರ ಸಿಕೆಡಿ-ಎಪಿಐ ಸೂತ್ರ ಆ ದೋಷವನ್ನು ಬಹಳಷ್ಟು ತಿದ್ದಿತು. ಇವೆರಡರಲ್ಲೂ ಒಂದು ವಿಚಿತ್ರ ಗುಣಕವಿತ್ತು: ವ್ಯಕ್ತಿ ಕಪ್ಪು ಜನಾಂಗದವರಾದರೆ ಉತ್ತರವನ್ನು ಎಂಡಿಆರ್‌ಡಿಯಲ್ಲಿ 1.212ರಿಂದ, 2009ರ ಸೂತ್ರದಲ್ಲಿ 1.159ರಿಂದ ಗುಣಿಸಬೇಕು. ಅಮೆರಿಕದಲ್ಲಿ ಕಿಡ್ನಿ ಕಸಿಯ ಕಾಯುವ ಪಟ್ಟಿಯಲ್ಲಿ ದಿನ ಎಣಿಕೆ ಶುರುವಾಗಲು, ಡಯಾಲಿಸಿಸ್ ಆರಂಭವಾಗಿರದಿದ್ದರೆ, ಜಿಎಫ್‌ಆರ್ 20ಕ್ಕೆ ಇಳಿದಿರಬೇಕು. ಕಾಗದದ ಮೇಲೆ ಶೇ. 16ರಷ್ಟು ಹೆಚ್ಚುವರಿ ಕಿಡ್ನಿ ಪಡೆದವರು ಆ ಗೆರೆ ಮುಟ್ಟುವುದು ತಡವಾಗುತ್ತಿತ್ತು. ಮೈಬಣ್ಣದಿಂದ ಸ್ನಾಯುವನ್ನು ಊಹಿಸುವುದು ವಿಜ್ಞಾನವೇ ಎಂಬ ತಕರಾರು ಬಲವಾಗಿ, 2021ರಲ್ಲಿ ಜನಾಂಗದ ಗುಣಕವಿಲ್ಲದ ಹೊಸ ಸೂತ್ರ ಹೊರಬಂತು. ಇಂದು ಅನೇಕ ವರದಿಗಳಲ್ಲಿ ಕ್ರಿಯೇಟಿನಿನ್ ಕೆಳಗೆ ‘ಇಜಿಎಫ್‌ಆರ್’ ಎಂದು ಅಚ್ಚಾಗುವುದು ಬಹುತೇಕ ಇದರ ಅಥವಾ 2009ರ ಸೂತ್ರದ ಉತ್ತರ. ‘ಇ’ ಎಂದರೆ ಅಂದಾಜು ಮಾಡಿದ್ದು ಎಂದರ್ಥ. ಈ ಪುಟ್ಟ ಅಕ್ಷರವನ್ನು ಯಾರೂ ಓದುವುದಿಲ್ಲ.

2021ರ ಸೂತ್ರದ ಒಳಗೆ ಒಮ್ಮೆ ಇಣುಕೋಣ. ಗಂಡಸಿಗೆ 0.9, ಹೆಂಗಸಿಗೆ 0.7 ಎಂಬ ತಿರುವಿನ ಬಿಂದುವಿದೆ. ಕ್ರಿಯೇಟಿನಿನ್ ಅದಕ್ಕಿಂತ ಮೇಲಿದ್ದರೆ, ಅದು ಆ ಬಿಂದುವಿನ ಎಷ್ಟು ಪಟ್ಟು ಎಂದು ನೋಡಿ, ಆ ಅನುಪಾತವನ್ನು ಮೈನಸ್ 1.2 ಘಾತಕ್ಕೆ ಏರಿಸಬೇಕು. ಅದನ್ನು 142ರಿಂದಲೂ, ಪ್ರತಿ ವರ್ಷದ ವಯಸ್ಸಿಗೆ ಒಂದೊಂದು ಸಲದಂತೆ 0.9938ರಿಂದಲೂ ಗುಣಿಸಬೇಕು. ಹೆಂಗಸಾದರೆ ಕೊನೆಗೆ 1.012ರಿಂದ ಇನ್ನೊಮ್ಮೆ. ತಿರುವಿನ ಬಿಂದುವಿಗಿಂತ ಕೆಳಗೆ ಘಾತ ಬಹಳ ಮೃದು: ಗಂಡಸಿಗೆ ಮೈನಸ್ 0.302, ಹೆಂಗಸಿಗೆ ಮೈನಸ್ 0.241. ಇದರಲ್ಲಿ ಒಂದು ಜಾಣತನವಿದೆ. ಕ್ರಿಯೇಟಿನಿನ್ 0.7ರಿಂದ 0.5ಕ್ಕೆ ಇಳಿದರೆ ಕಿಡ್ನಿ ಅಷ್ಟರಮಟ್ಟಿಗೆ ಚುರುಕಾಯಿತು ಎಂದಲ್ಲ, ಸ್ನಾಯು ಕಡಿಮೆಯಿರುವ ಸಂಭವವೇ ಹೆಚ್ಚು ಎಂದು ಸೂತ್ರಕ್ಕೇ ಗೊತ್ತಿದೆ. ನಮ್ಮ ಎರಡು ವರದಿಗಳಿಗೆ ಇದನ್ನು ಹಚ್ಚಿದರೆ ಯುವಕನಿಗೆ 86, ಹೆಂಗಸಿಗೆ 49.

ಈ 49 ಎಷ್ಟು ಗಟ್ಟಿ? ಒಳ್ಳೆಯ ಸೂತ್ರಗಳ ಉತ್ತರಗಳಲ್ಲಿ ಹತ್ತಕ್ಕೆ ಎಂಟೊಂಬತ್ತು, ನೇರವಾಗಿ ಅಳೆದ ಮೌಲ್ಯದಿಂದ ಹಿಂದೆ ಅಥವಾ ಮುಂದೆ ಶೇ. 30ರ ಒಳಗೆ ಇರುತ್ತವೆ. ಉಳಿದವು ಅದಕ್ಕಿಂತಲೂ ದೂರ. ಹೀಗಿರುವಾಗ ‘ಇಜಿಎಫ್‌ಆರ್ 49.37’ ಎಂದು ದಶಾಂಶ ಹಚ್ಚಿ ಅಚ್ಚು ಹಾಕುವ ವರದಿಗಳನ್ನು ಕಂಡರೆ ನನಗೆ ನಗು ಬರುತ್ತದೆ. ಅದರ ಮೇಲೆ, ಒಬ್ಬರದೇ ಕ್ರಿಯೇಟಿನಿನ್ ದಿನದಿಂದ ದಿನಕ್ಕೆ ಶೇ. 5ರ ಆಸುಪಾಸಿನಲ್ಲಿ ತೂಗಾಡುತ್ತಿರುತ್ತದೆ. ಕಳೆದ ತಿಂಗಳ 62 ಈ ತಿಂಗಳು 58 ಆಯಿತೆಂದರೆ ಕಿಡ್ನಿ ನಾಲ್ಕು ಅಂಕ ಸೋತಿತು ಎಂದು ಹೇಳಲು ಬರುವುದಿಲ್ಲ.

ಸೂತ್ರ ಪೂರ್ತಿ ಕೈಕೊಡುವ ಸಂದರ್ಭವೂ ಇದೆ. ಮೇಲಿನ ಲೆಕ್ಕವೆಲ್ಲ ನಿಂತಿದ್ದು ಒಳಹರಿವು ಹೊರಹರಿವು ಸರಿದೂಗಿವೆ ಎಂಬ ನಂಬಿಕೆಯ ಮೇಲೆ. ತೀವ್ರ ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಕಿಡ್ನಿಗಳು ರಾತ್ರಿ ಹಠಾತ್ತನೆ ನಿಂತವು ಎಂದುಕೊಳ್ಳಿ. ಬೆಳಗ್ಗೆ ರಕ್ತ ತೆಗೆದಾಗ ಕ್ರಿಯೇಟಿನಿನ್ ಇನ್ನೂ ಏರುವ ದಾರಿಯಲ್ಲಿದೆ, 1.4 ಇರಬಹುದು. ಸೂತ್ರ ಅದನ್ನು ನೋಡಿ ಐವತ್ತೋ ಅರವತ್ತೋ ಎನ್ನುತ್ತದೆ. ನಿಜವಾದ ಜಿಎಫ್‌ಆರ್ ಸೊನ್ನೆಯ ಹತ್ತಿರ. ಅದಕ್ಕೇ ಆಸ್ಪತ್ರೆಯಲ್ಲಿ ಇಂಥ ರೋಗಿಯ ಬಳಿ ಇಜಿಎಫ್‌ಆರ್ ನೋಡುವುದಿಲ್ಲ, ಏರಿಕೆಯ ವೇಗ ನೋಡುತ್ತಾರೆ. 48 ಗಂಟೆಯೊಳಗೆ 0.3ರಷ್ಟು ಏರಿದರೆ, ಇಲ್ಲವೇ ಏಳು ದಿನದೊಳಗೆ ಒಂದೂವರೆ ಪಟ್ಟಾದರೆ ಅದನ್ನು ಹಠಾತ್ ಕಿಡ್ನಿ ಹಾನಿ ಎಂದು ಪರಿಗಣಿಸುತ್ತಾರೆ. ಗರ್ಭಿಣಿಯರಿಗೂ ಈ ಸೂತ್ರಗಳು ಹೊಂದುವುದಿಲ್ಲ. ಗರ್ಭಾವಸ್ಥೆಯಲ್ಲಿ ಸೋಸುವ ವೇಗ ಶೇ. 40–50ರಷ್ಟು ಹೆಚ್ಚುವುದರಿಂದ ಕ್ರಿಯೇಟಿನಿನ್ ಸಹಜವಾಗಿಯೇ ಇಳಿದಿರುತ್ತದೆ, ಆಗ 1.0 ಎಂಬ ‘ನಾರ್ಮಲ್’ ಅಂಕಿಯೇ ಎಚ್ಚರಿಕೆಯ ಗಂಟೆ. ಮಕ್ಕಳಿಗೆ ಬೇರೆಯೇ ಸೂತ್ರ: ಸೆಂಟಿಮೀಟರಿನಲ್ಲಿ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯೇಟಿನಿನ್‌ನಿಂದ ಭಾಗಿಸುವುದು.

ಕಿಡ್ನಿಗೆ ಏನೂ ಆಗದೆ ಕ್ರಿಯೇಟಿನಿನ್ ಮಾತ್ರ ಏರುವುದೂ ಉಂಟು. ಬೇಯಿಸಿದ ಮಾಂಸ ತಿಂದ ಮೇಲೆ ಕೆಲವು ಗಂಟೆ ಅದು ಹೆಚ್ಚಿರುತ್ತದೆ, ಏಕೆಂದರೆ ಬೇಯುವಾಗಲೇ ಮಾಂಸದ ಕ್ರಿಯೇಟಿನ್ ಒಂದಿಷ್ಟು ಕ್ರಿಯೇಟಿನಿನ್ ಆಗಿರುತ್ತದೆ. ವ್ಯಾಯಾಮ ಮಾಡುವವರು ನುಂಗುವ ಕ್ರಿಯೇಟಿನ್ ಪುಡಿಯೂ ಏರಿಸಬಲ್ಲದು. ಟ್ರೈಮೆಥೊಪ್ರಿಮ್ ಎಂಬ ಪ್ರತಿಜೀವಕದ ಕಥೆ ಇನ್ನೂ ಸ್ವಾರಸ್ಯಕರ. ಕ್ರಿಯೇಟಿನಿನ್‌ಗೆ ಹೊರಹೋಗಲು ಜರಡಿಯಲ್ಲದೆ ನೆಫ್ರಾನಿನ ನಾಳದ ಗೋಡೆಯಲ್ಲೊಂದು ಹಿಂಬಾಗಿಲೂ ಇದೆ. ಈ ಮಾತ್ರೆ ಆ ಹಿಂಬಾಗಿಲನ್ನು ಮುಚ್ಚುತ್ತದೆ. ಜರಡಿ ಹಾಗೆಯೇ ಇದ್ದರೂ ಅಂಕಿ ಏರುತ್ತದೆ. ಪ್ರಯೋಗಾಲಯದ ಪಾತ್ರವೂ ಇಲ್ಲದಿಲ್ಲ. 1886ರಲ್ಲಿ ಮ್ಯಾಕ್ಸ್ ಜಾಫೆ ಗುರುತಿಸಿದ, ಕ್ಷಾರೀಯ ಪಿಕ್ರೇಟ್ ಜೊತೆ ಕಿತ್ತಳೆಗೆಂಪು ಬಣ್ಣ ಬರುವ ಕ್ರಿಯೆಯನ್ನೇ ಇಂದಿಗೂ ಅನೇಕ ಯಂತ್ರಗಳು ಬಳಸುತ್ತವೆ. ಕೀಟೋನ್‌ಗಳು, ಅತಿಯಾದ ಗ್ಲೂಕೋಸ್, ಕೆಲವು ಪ್ರತಿಜೀವಕಗಳೂ ಅದೇ ಬಣ್ಣ ಕೊಟ್ಟು ಅಂಕಿಯನ್ನು ಹಿಗ್ಗಿಸುತ್ತವೆ. ಕಿಣ್ವ ಆಧಾರಿತ ವಿಧಾನದಲ್ಲಿ ಈ ತೊಂದರೆ ಕಡಿಮೆ.

ಸ್ನಾಯುವಿನ ಗೊಡವೆಯೇ ಬೇಡ ಎನ್ನುವವರಿಗೆ ಸಿಸ್ಟಾಟಿನ್ ಸಿ ಇದೆ. ದೇಹದ ಬೀಜಕೇಂದ್ರವುಳ್ಳ ಕೋಶಗಳೆಲ್ಲ ಬಿಡುಗಡೆ ಮಾಡುವ ಸಣ್ಣ ಪ್ರೋಟೀನ್ ಇದು. ಇದೂ ಜರಡಿಯಲ್ಲಿ ಸೋಸಿಹೋಗುತ್ತದೆ, ಆದರೆ ಮೈಕಟ್ಟನ್ನು ಅಷ್ಟಾಗಿ ಅವಲಂಬಿಸಿಲ್ಲ. ಥೈರಾಯ್ಡ್ ಏರುಪೇರು, ಸ್ಟಿರಾಯ್ಡ್ ಔಷಧ, ಧೂಮಪಾನ, ಬೊಜ್ಜು, ಉರಿಯೂತ ಇದನ್ನು ಹಾದಿ ತಪ್ಪಿಸುತ್ತವೆ. ಇಬ್ಬರು ಸಾಕ್ಷಿಗಳ ದೌರ್ಬಲ್ಯ ಬೇರೆಬೇರೆ ಇದ್ದಾಗ ಇಬ್ಬರನ್ನೂ ಒಟ್ಟಿಗೆ ಕೇಳುವುದು ಲೇಸು. ಕ್ರಿಯೇಟಿನಿನ್, ಸಿಸ್ಟಾಟಿನ್ ಸಿ ಎರಡನ್ನೂ ಸೇರಿಸಿದ ಸೂತ್ರ ಒಂದೊಂದರ ಸೂತ್ರಕ್ಕಿಂತ ನಿಖರ. ಸಣಕಲು ಮೈಯವರಿಗೂ ದೇಹದಾರ್ಢ್ಯ ಪಟುಗಳಿಗೂ ಈ ಪರೀಕ್ಷೆ ಕೇಳಿ ಮಾಡಿಸಿಕೊಳ್ಳುವಂಥದ್ದು.

ಯೂರಿಯಾ ಬಗ್ಗೆ ಎರಡೇ ಮಾತು. ವರದಿಯಲ್ಲಿ ಅದು ಕ್ರಿಯೇಟಿನಿನ್‌ನ ಪಕ್ಕದಲ್ಲೇ ಕೂತಿರುತ್ತದೆ, ಆದರೆ ನಂಬಿಕೆಗೆ ಅಷ್ಟು ಅರ್ಹವಲ್ಲ. ನೀರು ಕಡಿಮೆಯಾದರೆ, ಪ್ರೋಟೀನ್ ಹೆಚ್ಚು ತಿಂದರೆ, ಜಠರದಲ್ಲಿ ರಕ್ತ ಸೋರಿದರೆ ಎಲ್ಲಕ್ಕೂ ಏರುತ್ತದೆ. ಕೆಲವರು ಯೂರಿಯಾ ಎಂದೂ ಕೆಲವರು ಬಿಯುಎನ್ ಎಂದೂ ಬರೆಯುತ್ತಾರೆ. ಎರಡೂ ಒಂದಲ್ಲ. ಬಿಯುಎನ್ ಎಂದರೆ ಯೂರಿಯಾದೊಳಗಿನ ಸಾರಜನಕದ ತೂಕ ಮಾತ್ರ: ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ. ಇದು ತಿಳಿಯದೆ ಎರಡು ಪ್ರಯೋಗಾಲಯಗಳ ವರದಿ ಹೋಲಿಸಿ ಬೆಚ್ಚಿಬಿದ್ದವರಿದ್ದಾರೆ.

ಇಜಿಎಫ್‌ಆರ್ ಕೈಗೆ ಬಂದ ಮೇಲೆ ಅದನ್ನು ಹಂತಗಳಲ್ಲಿ ಇಡುತ್ತಾರೆ. 90ರಿಂದ ಮೇಲೆ ಒಂದನೆಯದು, 60ರಿಂದ 89 ಎರಡನೆಯದು. 45ರಿಂದ 59 ಮತ್ತು 30ರಿಂದ 44 ಮೂರನೆಯದರ ಎರಡು ಭಾಗಗಳು. 15ರಿಂದ 29 ನಾಲ್ಕನೆಯದು, 15ಕ್ಕಿಂತ ಕೆಳಗೆ ಐದನೆಯದು. ಮೊದಲೆರಡು ಹಂತಗಳಲ್ಲಿ ಹಾನಿಯ ಬೇರೆ ಗುರುತು ಇಲ್ಲದಿದ್ದರೆ ಅದು ಕಾಯಿಲೆಯೇ ಅಲ್ಲ. 60ಕ್ಕಿಂತ ಕೆಳಗಿದ್ದರೂ ಮೂರು ತಿಂಗಳು ಹಾಗೇ ಉಳಿದರೆ ಮಾತ್ರ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುವುದು. ಆ ‘ಬೇರೆ ಗುರುತು’ಗಳಲ್ಲಿ ಮುಖ್ಯವಾದದ್ದು ಮೂತ್ರದ ಆಲ್ಬುಮಿನ್. ಗಟ್ಟಿ ಜರಡಿ ಪ್ರೋಟೀನನ್ನು ಬಿಡುವುದಿಲ್ಲ, ಹರಿದ ಜರಡಿ ಬಿಡುತ್ತದೆ. ಒಂದು ಗ್ರಾಂ ಕ್ರಿಯೇಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇದ್ದರೆ ಸರಿ, 300 ದಾಟಿದರೆ ಗಂಭೀರ. ಇಜಿಎಫ್‌ಆರ್ 95 ಇದ್ದು ಆಲ್ಬುಮಿನ್ 300 ದಾಟಿದವರಿಗೆ, ಇಜಿಎಫ್‌ಆರ್ 57 ಇದ್ದು ಆಲ್ಬುಮಿನ್ ಸೋರದವರಿಗಿಂತ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯ ಆರಂಭದಲ್ಲಂತೂ ಜಿಎಫ್‌ಆರ್ ಸಹಜಕ್ಕಿಂತ ಮೇಲೇ ಇರಬಹುದು. ರಕ್ತದ ಅಂಕಿಯೊಂದನ್ನೇ ಹಿಡಿದು ಮೂತ್ರ ಪರೀಕ್ಷೆ ಬಿಡುವುದು ಅರ್ಧ ಪುಸ್ತಕ ಓದಿದಂತೆ.

ಇನ್ನು ವಯಸ್ಸು. ನಡುವಯಸ್ಸು ದಾಟಿದ ಮೇಲೆ ಜಿಎಫ್‌ಆರ್ ವರ್ಷಕ್ಕೆ ಸುಮಾರು ಒಂದು ಮಿಲಿಲೀಟರಿನಷ್ಟು ಇಳಿಯುವುದು ಸಾಮಾನ್ಯ. ಎಂಬತ್ತರ ಹೊಸ್ತಿಲಲ್ಲಿರುವ, ಆಲ್ಬುಮಿನ್ ಸೋರದ, ವರ್ಷಗಳಿಂದ 55ರಲ್ಲೇ ನಿಂತಿರುವ ಹಿರಿಯರಿಗೆ ‘ಮೂರನೇ ಹಂತದ ಕಾಯಿಲೆ’ ಎಂಬ ಹಣೆಪಟ್ಟಿ ಬೇಕೇ ಎಂದು ತಜ್ಞರಲ್ಲೇ ವಾದವಿದೆ. ಹಣೆಪಟ್ಟಿಯಿಂದ ಅವರ ನಿದ್ದೆ ಕೆಡುವುದೇ ಹೆಚ್ಚು ಎನ್ನುವ ಪಕ್ಷ ನನ್ನದು. ಆದರೆ ಅವರಿಗೆ ನೋವಿನ ಮಾತ್ರೆ ಬರೆಯುವ ವೈದ್ಯರಿಗೆ ಆ 55 ತಿಳಿದಿರಲೇಬೇಕು. ಔಷಧದ ಪ್ರಮಾಣ ನಿರ್ಧರಿಸುವಾಗ ಇನ್ನೊಂದು ತೊಡಕಿದೆ. ಇಜಿಎಫ್‌ಆರ್ ಅನ್ನು ಮೈಯ ಹೊರಮೇಲ್ಮೈ 1.73 ಚದರ ಮೀಟರ್ ಇರುವ ಕಲ್ಪಿತ ವ್ಯಕ್ತಿಗೆ ಹೊಂದಿಸಿ ಹೇಳಿರುತ್ತಾರೆ. ನಮ್ಮ 70ರ ಹೆಂಗಸಿನ ತೂಕ 50 ಕಿಲೋ ಇದ್ದರೆ ಹಳೆಯ ಕಾಕ್‌ಕ್ರಾಫ್ಟ್–ಗಾಲ್ಟ್ ಲೆಕ್ಕದಲ್ಲಿ ಬರುವುದು 34 ಮಾತ್ರ. ಅನೇಕ ಔಷಧಗಳ ಸೂಚನೆಗಳು ಆ ಹಳೆಯ ಸೂತ್ರವನ್ನೇ ಆಧರಿಸಿವೆ. ಹಾಗಾಗಿ ಅದು ಇನ್ನೂ ಮೂಲೆ ಸೇರಿಲ್ಲ.

ಹಳೆಯ ವರದಿಗಳನ್ನು ಎಸೆಯದವರಿಗೆ ಒಂದು ಕೆಲಸ ಹೇಳುತ್ತೇನೆ. ಕ್ರಿಯೇಟಿನಿನ್ ಸಾಲನ್ನಷ್ಟೇ ಒಂದು ಹಾಳೆಗೆ ಇಳಿಸಿ, ಪಕ್ಕದಲ್ಲಿ ಆಗಿನ ವಯಸ್ಸು ಬರೆಯಿರಿ, ಸೂತ್ರ ಹಚ್ಚಿ. ಒಬ್ಬ ಹೆಂಗಸಿಗೆ 58ರಲ್ಲಿ 0.7, 60ರಲ್ಲಿ 0.8, 62ರಲ್ಲಿ 0.9, 64ರಲ್ಲಿ 1.1 ಬಂದಿದೆ ಎಂದುಕೊಳ್ಳಿ. ನಾಲ್ಕೂ ಮಿತಿಯೊಳಗೆ, ಒಂದಕ್ಕೂ ನಕ್ಷತ್ರವಿಲ್ಲ. ಇಜಿಎಫ್‌ಆರ್ ಸಾಲಿನಲ್ಲಿ ಅದು 100, 84, 72, 56. ವಯಸ್ಸಿಗೆ ತಕ್ಕ ಇಳಿಕೆಯಾಗಿದ್ದರೆ ಆರು ವರ್ಷಕ್ಕೆ ಆರೇಳು ಅಂಕ ಹೋಗಬೇಕಿತ್ತು, ಹೋಗಿರುವುದು 44. ಇಂಥ ಹಾಳೆ ಕೈಯಲ್ಲಿದ್ದರೆ ವೈದ್ಯರ ಬಳಿ ಕೇಳಬೇಕಾದದ್ದು ಮೂರು: ಮೂತ್ರದ ಆಲ್ಬುಮಿನ್ ನೋಡೋಣವೇ, ಸಿಸ್ಟಾಟಿನ್ ಸಿ ಮಾಡಿಸೋಣವೇ, ಮೂರು ತಿಂಗಳಿಗೆ ಮತ್ತೆ ರಕ್ತ ಕೊಡಲೇ.